ಕತಗಾಲದ ಹತ್ತಿರ ಮೂರು ಸೆಕೆಂಡು: ರಸ್ತೆ ಕಾಣದೇ ಹೋದ ಒಂದು ಪ್ರಕರಣ

ಅಕ್ಟೋಬರ್ ಕೊನೆಯ ವಾರ. ಸಂಜೆ 5:20ರ ಆಸುಪಾಸು. ಶಿರಸಿಯಿಂದ ಕುಮಟಾಕ್ಕೆ ಇಳಿಯುವ ದಾರಿ. ದೇವಿಮನೆ ಘಟ್ಟ ಮುಗಿದಿತ್ತು, ಕತಗಾಲ ಇನ್ನೇನು ಬರಬೇಕು. ಸ್ಟೇರಿಂಗ್ ಹಿಡಿದವಳು ನನ್ನ ತಂಗಿ. ಅವಳ ಪಕ್ಕದಲ್ಲಿ ಆಯಿ. ಹಿಂದೆ ನಾನು. ನನ್ನ ಬೆನ್ನ ಹಿಂದೆ ತೆಂಗಿನಕಾಯಿ ಚೀಲ, ಅದರ ಮೇಲೆ ಬಾಳೆಗೊನೆ. ಮಳೆ ಆಗಷ್ಟೇ ನಿಂತಿತ್ತು. ನೆರಳಿನ ತಿರುವು ದಾಟಿ ಕಾರು ಬಯಲಿಗೆ ಬಂದಿದ್ದೇ ತಡ, ಮುಂದಿನ ಗಾಜು ಪೂರ್ತಿ ಬೆಳ್ಳಗಾಯಿತು.

"ಅಣ್ಣಾ, ಎಂತೂ ಕಾಣ್ತಿಲ್ಲೆ!"

ತಂಗಿ ಗಾಬರಿಯಾದರೂ ಬ್ರೇಕ್ ಮೇಲೆ ನಿಂತುಬಿಡಲಿಲ್ಲ. ವೇಗ ಇಳಿಸಿದಳು, ಎಡಗಡೆ ಕನ್ನಡಿ ನೋಡಿದಳು, ಇಂಡಿಕೇಟರ್ ಹಾಕಿ ಎಡಕ್ಕೆ ಎಳೆದಳು. ಅಷ್ಟರಲ್ಲಿ ಎಡಗಡೆಯಿಂದಲೇ ಹಾರ್ನ್. ಅದರ ಹಿಂದೆಯೇ ಟಪ್ ಅಂತ ಒಂದು ಸದ್ದು. ಹುಲ್ಲಿನ ಹೊರೆ ಕಟ್ಟಿದ್ದ ಬೈಕೊಂದು ನಮ್ಮ ಎಡ ಕನ್ನಡಿಗೆ ತಾಗಿ ಮುಂದೆ ಹೋಯಿತು. ಕನ್ನಡಿ ಒಳಕ್ಕೆ ಮಡಚಿಕೊಂಡಿತು. ಬೈಕು ರಸ್ತೆ ಅಂಚಿನ ಕೆಸರಿನಲ್ಲಿ ಒಂದೆರಡು ಸಲ ಓಲಾಡಿ, ಬೀಳದೆ ನಿಂತಿತು.

"ಎಂತ ಮಾರ್ರೆ, ಎಡಕ್ಕೆ ಎಳಿವಾಗ ಕನ್ನಡಿ ನೋಡೂದಿಲ್ವ?" ಅಂದರು ಆತ, ಮೊಣಕಾಲು ಒತ್ತಿ ನೋಡಿಕೊಳ್ಳುತ್ತಾ. ತಂಗಿ ಇಳಿದು ಹೋಗಿ ಕೈ ಮುಗಿದಳು. ಪೆಟ್ಟಾಗಿರಲಿಲ್ಲ. ಅವಳ ಕೈ ನಡುಗುತ್ತಿದ್ದದ್ದು ನೋಡಿ ಆತನೇ, "ಹೋಗ್ಲಿ ಬಿಡಿ ಅಕ್ಕಾ, ನಿಧಾನ ಹೋಗಿ" ಅಂತ ಸಮಾಧಾನ ಹೇಳಿ ಹೊರಟರು.

ಕಾರವಾರದಲ್ಲಿ ಜನರಿಗೆ ಕಾರು ಕಲಿಸುವುದೇ ನನ್ನ ಕೆಲಸ. ತಂಗಿಗೆ ಕಲಿಸಿದವನೂ ನಾನೇ. ಆ ಸಂಜೆ ಅವಳು ಹೇಳಿದ ಒಂದು ಮಾತು ನನ್ನನ್ನು ಮಲಗಲು ಬಿಡಲಿಲ್ಲ. "ನಾ ಕನ್ನಡಿ ನೋಡಿದ್ದೆ ಅಣ್ಣಾ." ಹೌದು, ನೋಡಿದ್ದಳು. ಅವಳ ತಲೆ ತಿರುಗಿದ್ದನ್ನು ಹಿಂದೆ ಕೂತು ನಾನೇ ಕಂಡಿದ್ದೆ. ಹಾಗಾದರೆ ಆ ಕನ್ನಡಿಯಲ್ಲಿ ಅವಳಿಗೆ ಕಂಡದ್ದಾದರೂ ಏನು?

ಕಾರು ಆಗ 40ರ ವೇಗದಲ್ಲಿತ್ತು. ಅಂದರೆ ಸೆಕೆಂಡಿಗೆ 11 ಮೀಟರ್. ಗಾಜು ಬೆಳ್ಳಗಾದ ಮೇಲೆ ಮತ್ತೆ ರಸ್ತೆ ಕಾಣಿಸಲು ಮೂರು ಸೆಕೆಂಡು ಹಿಡಿದಿರಬಹುದು. ಅಷ್ಟರಲ್ಲಿ ಮೂವತ್ತು ಮೀಟರಿನಷ್ಟು ದಾರಿ ಕುರುಡಾಗಿ ದಾಟಿದ್ದೇವೆ. "ಬಿಸಿಲು ಹೊಡೀತು, ಏನ್ಮಾಡ್ಲಿಕ್ಕಾಗ್ತದೆ" ಅಂತ ಬಿಟ್ಟುಬಿಡಬಹುದಿತ್ತು. ಬಿಡಲು ನನಗೆ ಮನಸ್ಸಾಗಲಿಲ್ಲ. ಮರುದಿನ ಬೆಳಿಗ್ಗೆ ಕಾರವಾರದ ಮನೆ ಅಂಗಳದಲ್ಲಿ ಆ ಕಾರನ್ನು ಹಾಗೇ ಇಟ್ಟುಕೊಂಡು, ಸಾಮಾನು ಕೂಡ ಇಳಿಸದೆ, ಒಂದೊಂದಾಗಿ ನೋಡುತ್ತಾ ಹೋದೆ.

ದಾರಿಯ ದಿಕ್ಕು

ಮೊದಲು ದಾರಿಯ ವಿಷಯ. ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಕುಮಟಾ ನೈಋತ್ಯಕ್ಕೆ ಬರುತ್ತದೆ, ಅಂದರೆ ಪಶ್ಚಿಮಕ್ಕೆ ಸ್ವಲ್ಪ ದಕ್ಷಿಣ. ಅಕ್ಟೋಬರಿನಿಂದ ಫೆಬ್ರವರಿವರೆಗೆ ಸೂರ್ಯ ಮುಳುಗುವುದೂ ಹೆಚ್ಚುಕಡಿಮೆ ಅದೇ ದಿಕ್ಕಿಗೆ. ಹಾಗಾಗಿ ಆ ತಿಂಗಳುಗಳಲ್ಲಿ ಸಂಜೆ ಘಟ್ಟ ಇಳಿದರೆ ಸೂರ್ಯ ಮುಖಕ್ಕೇ ನಿಲ್ಲುತ್ತಾನೆ. ಕಾರವಾರ–ಅಂಕೋಲಾ ಹೆದ್ದಾರಿಯಲ್ಲಿ ಈ ತೊಂದರೆ ಇಷ್ಟಿಲ್ಲ. ಅದು ಕರಾವಳಿಗುಂಟ ವಾಯವ್ಯ–ಆಗ್ನೇಯಕ್ಕೆ ಓಡುವ ರಸ್ತೆ, ಸಂಜೆ ಬಿಸಿಲು ಬರುವುದು ಪಕ್ಕದ ಕಿಟಕಿಯಿಂದ. ದಿನಾ ಅಲ್ಲಿ ಓಡಾಡುವ ತಂಗಿಗೆ ಪಕ್ಕದ ಬಿಸಿಲು ರೂಢಿ, ಎದುರಿನದ್ದು ಅಲ್ಲ.

ಜೊತೆಗೆ ಮಳೆ ನಿಂತ ರಸ್ತೆ. ಒದ್ದೆ ಡಾಂಬರು ಕನ್ನಡಿ ಇದ್ದ ಹಾಗೆ. ಮೇಲಿನ ಸೂರ್ಯನಿಗೆ ಕೈ ಅಡ್ಡ ಹಿಡಿಯಬಹುದು, ಕೆಳಗಿನಿಂದ ಬರುವ ಇನ್ನೊಂದು ಸೂರ್ಯನಿಗೆ ಏನು ಹಿಡಿಯುವುದು? ಅದೂ ಅಲ್ಲದೆ ದೇವಿಮನೆ ಕಾಡಿನ ನೆರಳಿನಲ್ಲಿ ಅರ್ಧ ಗಂಟೆ ಇದ್ದ ಕಣ್ಣು ಕತ್ತಲೆಗೆ ಹೊಂದಿಕೊಂಡಿತ್ತು.

ಇದು ಯಾರ ಕೈಯಲ್ಲೂ ಇಲ್ಲದ ಮಾತು. ಆದರೆ ಅದೇ ದಾರಿಯಲ್ಲಿ, ಅದೇ ಹೊತ್ತಿಗೆ, ನಮ್ಮ ಮುಂದಿದ್ದ ಟೆಂಪೋ ಆರಾಮಾಗಿ ಹೋಗಿತ್ತಲ್ಲ. ಉಳಿದದ್ದು ನಮ್ಮ ಕಾರಿನೊಳಗೇ ಇರಬೇಕು.

ಗಾಜು ಮತ್ತು ರಬ್ಬರು

ಗಾಜಿನ ಮೇಲೆ ನೀರು ಸುರಿದು ವೈಪರ್ ಹಾಕಿದೆ. ಮೇಲೆ ಹೋಗುವಾಗ ಚೊಕ್ಕ ಒರೆಸಿತು. ಕೆಳಗೆ ಬರುವಾಗ ಹಾಲು ಬಳಿದ ಹಾಗೆ ಒಂದು ಪದರ ಬಿಟ್ಟಿತು. ರಬ್ಬರು ಗಟ್ಟಿಯಾದ ಲಕ್ಷಣ ಇದು. ವೈಪರಿನ ರಬ್ಬರಿಗೆ ತೆಳ್ಳಗಿನ ಒಂದು ತುಟಿ ಇರುತ್ತದೆ. ಮೇಲೆ ಹೋಗುವಾಗ ಅದು ಒಂದು ಕಡೆಗೆ ವಾಲಬೇಕು, ಬರುವಾಗ ಇನ್ನೊಂದು ಕಡೆಗೆ. ವರ್ಷಪೂರ್ತಿ ಬಿಸಿಲಲ್ಲಿ ನಿಂತ ಕಾರಿನಲ್ಲಿ ಆ ತುಟಿ ಒಂದೇ ಕಡೆಗೆ ಸೆಟೆದುಕೊಂಡುಬಿಡುತ್ತದೆ. ಆಮೇಲೆ ಅದು ಒರೆಸುವುದಿಲ್ಲ, ಸವರುತ್ತದೆ.

ಬ್ಲೇಡು ಎತ್ತಿ ರಬ್ಬರಿನ ಅಂಚಿನ ಮೇಲೆ ಉಗುರು ಎಳೆದೆ. ಒಂದು ಕಡೆ ಉಗುರು ತಡೆಯಿತು. ಕಣ್ಣು ಹತ್ತಿರ ತಂದು ನೋಡಿದರೆ, ಸಾಸಿವೆಗಿಂತ ಚಿಕ್ಕದೊಂದು ಕೆಂಪು ಚಿರೇಕಲ್ಲಿನ ಹರಳು ರಬ್ಬರಿನೊಳಗೆ ಹೂತು ಕೂತಿದೆ. ರಸ್ತೆ ಕೆಲಸದ ಧೂಳಿನ ಜೊತೆ ಬಂದಿರಬೇಕು. ಗಾಜು ಒಣಗಿದ ಮೇಲೆ ಬಿಸಿಲಿಗೆ ಓರೆಯಾಗಿ ನಿಂತು ನೋಡಿದೆ. ಆ ಹರಳು ಕೂತಿದ್ದ ಜಾಗಕ್ಕೆ ಸರಿಯಾಗಿ, ಗಾಜಿನ ಮೇಲೆ ಬಿಲ್ಲಿನ ಹಾಗೆ ಬಾಗಿದ ಒಂದು ಗೀರು. ಅದರ ಅಕ್ಕಪಕ್ಕ ಕೂದಲಿನಷ್ಟು ತೆಳ್ಳಗಿನವು ಹತ್ತಾರು. ತಂಗಿ ಕೂತರೆ ಅವಳ ಕಣ್ಣಿನ ಮಟ್ಟಕ್ಕೇ ಬರುತ್ತವೆ. ನೆರಳಲ್ಲಿ ನೋಡಿದರೆ ಒಂದೂ ಕಾಣುವುದಿಲ್ಲ. ಬಿಸಿಲು ಎದುರಾದ ಕೂಡಲೇ ಪ್ರತಿಯೊಂದು ಗೀರೂ ಬೆಳಕನ್ನು ಚದುರಿಸಿ ಹೊಳೆಯುತ್ತದೆ.

ಇದಕ್ಕೆ ಒಣ ಗಾಜಿನ ಮೇಲೆ ವೈಪರ್ ಹಾಕುವ ಅಭ್ಯಾಸವೇ ಕಾರಣ. ಬೆಳಿಗ್ಗೆ ಧೂಳು ಕಂಡರೆ ಸುಮ್ನೆ ಒಂದು ಸಲ ವೈಪರ್ ಹಾಕಿ ಹೊರಡುತ್ತೇವೆ ಅಲ್ವಾ, ಅದು ಗಾಜನ್ನು ಮರಳುಕಾಗದದಿಂದ ಉಜ್ಜಿದ ಹಾಗೆ. ಮೊದಲು ನೀರು ಚಿಮ್ಮಿಸಬೇಕು, ಆಮೇಲೆ ವೈಪರ್. ತಂಗಿ ಕಾರಿನ ನೀರಿನ ಡಬ್ಬ ನೋಡಿದೆ, ಖಾಲಿ.

ಈಗ ಗಾಜಿನ ಒಳಮೈ. ಬಿಳಿ ಬಟ್ಟೆಗೆ ಸ್ವಲ್ಪ ಸ್ಪಿರಿಟ್ ಹಾಕಿ ಡ್ರೈವರ್ ಎದುರಿಗೆ ಒಂದು ಅಂಗೈ ಅಗಲ ಒರೆಸಿದೆ. ಬಟ್ಟೆಯ ಮೇಲೆ ಚಹಾ ಚೆಲ್ಲಿ ಒಣಗಿದಂಥ ಬಣ್ಣ. ಬಿಸಿಲಿಗೆ ಕಾದ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕಿನಿಂದ ಏಳುವ ಆವಿ ಗಾಜಿನ ಒಳಗಡೆ ಹೀಗೆ ಎಣ್ಣೆ ಪದರವಾಗಿ ಕೂರುತ್ತದೆ. ಮಂಜು ಕಟ್ಟಿದಾಗಲೆಲ್ಲ ಕೈಯಿಂದ ಒರೆಸಿದ್ದರಿಂದ ಅದರ ಮೇಲೆ ಬೆರಳಿನ ಜಿಡ್ಡು ಬೇರೆ. ಕಾರು ತೊಳೆಯುವವರು ಹೊರಗೆ ತೊಳೆಯುತ್ತಾರೆ, ಒಳಗಿನ ಗಾಜಿಗೆ ಯಾರೂ ಕೈ ಹಾಕುವುದಿಲ್ಲ.

ನಾನು ಕಲಿಯಲು ಬರುವವರಿಗೆ ಹೇಳುವ ಒಂದು ಉಪಾಯ ಇದೆ. ಗಾಜಿನ ಒಳಗಡೆ ಅಡ್ಡಡ್ಡ ಒರೆಸಿ, ಹೊರಗಡೆ ಉದ್ದುದ್ದ ಒರೆಸಿ. ಆಮೇಲೆ ಗೆರೆ ಉಳಿದರೆ ಅದು ಯಾವ ಕಡೆಯದ್ದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಕಾರವಾರದಂಥ ಕಡೆ, ಸಮುದ್ರದ ಗಾಳಿಗೆ ನಿಲ್ಲುವ ಕಾರಿಗೆ, ಬಟ್ಟೆ ಹಚ್ಚುವ ಮೊದಲು ಧಾರಾಳ ನೀರು ಹೊಯ್ಯಬೇಕು. ಉಪ್ಪನ್ನು ಒಣಗಿದ್ದಾಗಲೇ ಉಜ್ಜಬಾರದು.

ಇನ್ನು ಮಂಜು. ದೇವಿಮನೆ ದೇವಸ್ಥಾನದಲ್ಲಿ ಇಳಿದಾಗ ಹನಿ ಶುರುವಾಗಿತ್ತು. ನಾವು ಮೂವರೂ ಸ್ವಲ್ಪ ನೆನೆದು ಕಾರು ಹತ್ತಿದ್ದೆವು. ಒಳಗೆ ಮಂಜು ಕಟ್ಟಿತು. ತಂಗಿ ಏಸಿ ಹಾಕಿ, ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿದಳು. ಅದು ಸರಿಯಾದದ್ದೇ. ಏಸಿ ಗಾಳಿಯ ಪಸೆ ತೆಗೆಯುತ್ತದೆ, ಒಳಗಿನ ಮಂಜು ಹೋಗುತ್ತದೆ. ಆದರೆ ಚಳಿಯ ಗುಂಡಿ ಕೊನೆ ತನಕ ತಿರುಗಿತ್ತು, ಘಟ್ಟ ಇಳಿಯುವಷ್ಟು ಹೊತ್ತೂ ಹಾಗೇ ಇತ್ತು. ಗಾಜು ತಣ್ಣಗಾಯಿತು. ಕೆಳಗೆ ಕರಾವಳಿಯ ಬೆಚ್ಚಗಿನ ಹಸಿ ಗಾಳಿ ಆ ತಣ್ಣನೆ ಗಾಜಿಗೆ ಬಡಿದಾಗ ಹೊರಮೈ ಮೇಲೆ ಮಂಜು ಕೂತಿತು. ತಣ್ಣೀರು ತುಂಬಿದ ಚೊಂಬಿನ ಹೊರಗೆ ಬೆವರು ಬರುವುದಿಲ್ಲವಾ, ಹಾಗೆ. ಅವಳು ಅದನ್ನೂ ಒಳಗಿನದ್ದೇ ಅಂದುಕೊಂಡು ಫ್ಯಾನ್ ಜೋರು ಮಾಡಿದ್ದಳು. ಮಂಜು ಇನ್ನೂ ಜಾಸ್ತಿಯಾಯಿತು. ಬೆರಳಿಂದ ಒಳಗೆ ಮುಟ್ಟಿ ನೋಡಬೇಕು. ಒರೆಸಿದರೂ ಹೋಗದಿದ್ದರೆ ಅದು ಹೊರಗಿನದ್ದು. ಆಗ ವೈಪರ್ ಹಾಕಿ, ಏಸಿಯ ಚಳಿ ಕಡಿಮೆ ಮಾಡಬೇಕು. ಘಟ್ಟ ಹತ್ತಿಳಿಯುವ ಜಿಲ್ಲೆಯವರು ನಾವು, ಇದನ್ನು ಬೇರೆಯವರಿಗಿಂತ ಮೊದಲು ತಿಳಿದಿರಬೇಕು.

ಅಂದರೆ ಬಯಲಿಗೆ ಬಂದ ಕ್ಷಣಕ್ಕೆ ಅವಳ ಎದುರಿನ ಗಾಜಿನ ಮೇಲೆ ಹೊರಗೆ ಮಂಜು, ಅದನ್ನು ಸವರುವ ವೈಪರ್, ಗಾಜಿನಲ್ಲೇ ಗೀರು, ಒಳಗೆ ಜಿಡ್ಡು. ಇಷ್ಟು ಸಾಲದು ಅಂತ ಡ್ಯಾಶ್‌ಬೋರ್ಡಿನ ಮೇಲೆ ಶಿರಸಿ ಮಾರಿಕಾಂಬೆಯ ಪ್ರಸಾದ, ಬಿಳಿ ಕಾಗದದಲ್ಲಿ ಕಟ್ಟಿದ್ದು. ಭಕ್ತಿಯಿಂದ ನಾನೇ ಇಟ್ಟಿದ್ದೆ. ಆ ಬಿಳಿ ಪೊಟ್ಟಣ ಗಾಜಿನಲ್ಲಿ ಪ್ರತಿಬಿಂಬವಾಗಿ, ರಸ್ತೆಯ ಎಡ ಅಂಚು ಇರಬೇಕಾದ ಜಾಗದಲ್ಲೇ ಬೆಳ್ಳಗೆ ಕೂತಿತ್ತು.

ಎಡ ಕನ್ನಡಿ

ನನ್ನನ್ನು ಹೆಚ್ಚು ಕಾಡಿದ್ದು ಇದು. ಯಾಕೆಂದರೆ ಇಲ್ಲಿ ನನ್ನ ಪಾಲು ದೊಡ್ಡದು.

ಶಿರಸಿಯಿಂದ ದೇವಿಮನೆವರೆಗೆ ಕಾರು ಬಿಟ್ಟವನು ನಾನು. ದೇವಸ್ಥಾನದಲ್ಲಿ ಕೈ ಮುಗಿದು ಬಂದು, "ಘಟ್ಟ ನೀನೇ ಇಳಿಸು, ಅಭ್ಯಾಸ ಆಗ್ತದೆ" ಅಂತ ಅವಳಿಗೆ ಕೀಲಿ ಕೊಟ್ಟೆ. ಅವಳು ನನಗಿಂತ ಒಂದು ಗೇಣು ಕುಳ್ಳು. ಸೀಟು ಮುಂದೆ ಎಳೆದುಕೊಂಡಳು. ಹನಿ ಬೀಳುತ್ತಿತ್ತು, ಅವಸರ. ಕನ್ನಡಿಗಳು ನನ್ನ ಕಣ್ಣಿಗೆ ಇಟ್ಟಿದ್ದ ಹಾಗೇ ಉಳಿದವು.

ಮರುದಿನ ಅವಳನ್ನು ಅದೇ ಸೀಟಿನಲ್ಲಿ ಕೂರಿಸಿದೆ. ಪಕ್ಕದ ಮನೆ ಹುಡುಗನಿಗೆ ಸೈಕಲ್ ಹಿಡಿದು ಕಾರಿನ ಎಡ ಹಿಂಬದಿಯಲ್ಲಿ ನಿಲ್ಲಲು ಹೇಳಿದೆ. "ಎಡ ಕನ್ನಡಿಯಲ್ಲಿ ಏನು ಕಾಣ್ತದೆ?" ಅಂದೆ. "ತೆಂಗಿನ ಮರದ ತಲೆ, ಆಚೆ ಮನೆ ಗೋಡೆ." ಹುಡುಗ? "ಇಲ್ಲೆ." ಅವನು ಸೈಕಲ್ ತಳ್ಳಿಕೊಂಡು ಮುಂದೆ ಬರುತ್ತಾ ಬಂದ. ಹಿಂದಿನ ಬಾಗಿಲಿನ ತನಕ ಬಂದರೂ ಇಲ್ಲ. ಕಣ್ಣು ಕೆಳಗಾದರೆ ಕನ್ನಡಿಯಲ್ಲಿ ಮೇಲಿನದ್ದು ಕಾಣುತ್ತದೆ. ಕಣ್ಣು ಮುಂದಾದರೆ ಹೊರಗಡೆಯದ್ದು ಕಾಣುತ್ತದೆ. ಕಾರಿಗೆ ಅಂಟಿಕೊಂಡ ಹಾಗೆ ಬರುವ ಬೈಕು ಮಾತ್ರ ಕಾಣುವುದಿಲ್ಲ. ಕತಗಾಲದಲ್ಲಿ ಅವಳು ನೋಡಿದ್ದು ಗದ್ದೆಯನ್ನು ಮತ್ತು ಮರಗಳನ್ನು. ಖಾಲಿ ಇದೆ ಅಂದುಕೊಂಡಳು. ಅವಳ ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಕನ್ನಡಿ ಸರಿ ಇದ್ದಿದ್ದರೂ ಕಾಣುತ್ತಿತ್ತಾ? ಅದೂ ಸಂಶಯ. ಆಯಿಗೆ ಕಣ್ಣಿನ ಪೊರೆಯ ಆಪರೇಶನ್ ಆದಮೇಲೆ ಬೆಳಕು ಚುಚ್ಚುತ್ತದೆ. ಬರುವಾಗ ಎಡಗಡೆಯಿಂದ ಆಗಾಗ ಬಿಸಿಲು ಹೊಡೆಯುತ್ತಿತ್ತು ಅಂತ ದೇವಿಮನೆಯಲ್ಲಿ ನಾವೇ ಅವಳ ಕಿಟಕಿಗೆ ಕಪ್ಪು ಜಾಲರಿಯ ಸನ್‌ಶೇಡ್ ಅಂಟಿಸಿದ್ದೆವು. ರಬ್ಬರ್ ಬಟ್ಟಲು ಒತ್ತಿ ಅಂಟಿಸುವಂಥದ್ದು, ಅಂಗಡಿಗಳಲ್ಲಿ ಜೋಡಿಯಾಗಿ ಸಿಗುತ್ತದೆ. ಡ್ರೈವರಿಗೆ ಎಡ ಕನ್ನಡಿ ಕಾಣುವುದು ಅದೇ ಕಿಟಕಿಯ ಮೂಲಕ. ಅದೂ ಕನ್ನಡಿ ಅವಳಿಂದ ಒಂದೂವರೆ ಮೀಟರ್ ದೂರ, ಉಬ್ಬುಗನ್ನಡಿ, ಅದರಲ್ಲಿ ಬೈಕು ಇದ್ದದ್ದಕ್ಕಿಂತ ಚಿಕ್ಕದಾಗಿ, ದೂರದಲ್ಲಿರುವ ಹಾಗೆ ಕಾಣುತ್ತದೆ. ನಡುವೆ ಜಾಲರಿ, ಜಾಲರಿಯಾಚೆ ಗಾಜಿನ ಮೇಲೆ ಮಳೆಹನಿ, ಕನ್ನಡಿಯ ಮೇಲೂ ಮಳೆಹನಿ. ನಾನು ಪೈಪಿನಿಂದ ನೀರು ಚಿಮುಕಿಸಿ ಅದನ್ನೂ ನೋಡಿದೆ. ಸೈಕಲ್ ಹಿಡಿದ ಹುಡುಗ ಕೆಂಪು ಅಂಗಿ ಹಾಕಿದ್ದ. ಆ ಕೆಂಪೂ ಕಾಣಲಿಲ್ಲ.

ಮುಂದಿನ ಕಿಟಕಿಗೆ ಏನೂ ಅಂಟಿಸಬಾರದು. ಮುಂದಿನ ಮತ್ತು ಹಿಂದಿನ ಗಾಜು ಕನಿಷ್ಠ 70 ಶೇಕಡಾ, ಪಕ್ಕದವು 50 ಶೇಕಡಾ ಬೆಳಕು ಬಿಡಬೇಕು ಅಂತ ಮೋಟಾರು ವಾಹನ ನಿಯಮವೇ ಹೇಳುತ್ತದೆ. 2012ರಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮು ಅಂಟಿಸಬಾರದು ಅಂದ ಮೇಲೆ ಎಷ್ಟೋ ಜನ ಈ ಜಾಲರಿಗೆ ಬಂದರು. ಆದರೆ ನನಗೆ ದಂಡಕ್ಕಿಂತ ಆ ಬೈಕಿನವರ ಮೊಣಕಾಲು ನೆನಪಾಗುತ್ತದೆ.

ನಿಜ ಹೇಳಬೇಕೆಂದರೆ ಆ ಜಾಲರಿ ಬೇಕಾಗಿಯೇ ಇರಲಿಲ್ಲ. ತಲೆಯ ಮೇಲೆ ಮಡಚಿಟ್ಟ ಸನ್‌ವೈಸರಿನ ಒಳತುದಿ ಒಂದು ಕೊಕ್ಕೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಅದನ್ನು ಬಿಡಿಸಿದರೆ ಇಡೀ ತಟ್ಟೆ ಪಕ್ಕದ ಕಿಟಕಿಗೆ ತಿರುಗುತ್ತದೆ, ಕಿಟಕಿಯ ಮೇಲರ್ಧ ಮುಚ್ಚುತ್ತದೆ. ಕನ್ನಡಿ ಇರುವುದು ಕೆಳಗೆ, ಅದಕ್ಕೆ ಅಡ್ಡ ಬರುವುದಿಲ್ಲ. ಆಯಿಗೆ ತೋರಿಸಿದೆ. "ಇದು ಹಿಂಗೂ ಬತ್ತಾ!" ಅಂದಳು. ಆರು ವರ್ಷದಿಂದ ಅದೇ ಸೀಟಿನಲ್ಲಿ ಕೂರುತ್ತಿದ್ದಾಳೆ.

ಒಳಗಿನ ಕನ್ನಡಿಯದ್ದು ಚಿಕ್ಕ ಕತೆ. ಹಿಂದಿನ ರಾತ್ರಿ ಘಟ್ಟ ಹತ್ತುವಾಗ ಲಾರಿಯ ಬೆಳಕು ಕಣ್ಣಿಗೆ ಹೊಡೆದಿದ್ದಕ್ಕೆ ಕೆಳಗಿನ ಕಡ್ಡಿ ಎಳೆದು ರಾತ್ರಿಯ ಸ್ಥಿತಿಗೆ ತಂದಿದ್ದೆ. ಹಾಗೆ ಎಳೆದರೆ ಗಾಜಿನ ಮೇಲ್ಮೈಯಿಂದ ಬರುವ 4 ಶೇಕಡಾದಷ್ಟು ಬೆಳಕು ಮಾತ್ರ ಕಣ್ಣಿಗೆ ಸಿಗುತ್ತದೆ. ಅದನ್ನು ವಾಪಸ್ ತಳ್ಳಲೇ ಇಲ್ಲ. ಬಾಳೆಗೊನೆ ಹಿಂದಿನ ಗಾಜನ್ನು ಮುಚ್ಚಿದ್ದರಿಂದ ಆ ಕನ್ನಡಿ ಯಾರಿಗೂ ಬೇಕಾಗಿರಲಿಲ್ಲ. ಉಳಿದಿದ್ದು ಹೊರಗಿನ ಎರಡು ಮಾತ್ರ.

ತಂಗಿಯ ಕನ್ನಡಕದ ವಿಷಯವನ್ನೂ ಹೇಳಬೇಕು. ಬಿಸಿಲಿಗೆ ತಾನೇ ಕಪ್ಪಾಗುವ ಗಾಜು ಹಾಕಿಸಿಕೊಂಡಿದ್ದಳು, ಡ್ರೈವಿಂಗಿಗೆ ಆಗಲಿ ಅಂತಲೇ. ಆದರೆ ಆ ಗಾಜು ಕಪ್ಪಾಗುವುದು ನೇರಳಾತೀತ ಕಿರಣಕ್ಕೆ. ಕಾರಿನ ಮುಂದಿನ ಗಾಜು ಆ ಕಿರಣವನ್ನು ಬಹುಪಾಲು ತಡೆದುಬಿಡುತ್ತದೆ. ಹಾಗಾಗಿ ಕಾರಿನೊಳಗೆ ಅದು ಕಪ್ಪಾಗುವುದೇ ಕಡಿಮೆ. ಒದ್ದೆ ರಸ್ತೆಯ ಹೊಳಪನ್ನು ತಗ್ಗಿಸಲು ಪೋಲರೈಸ್ಡ್ ಗಾಜು ಒಳ್ಳೆಯದು. ಈಗ ಅವಳು ಕನ್ನಡಕದ ಮೇಲೆ ಸಿಕ್ಕಿಸುವಂಥದ್ದು ತಂದುಕೊಂಡಿದ್ದಾಳೆ. ಬಿಣಗಾದ ಸುರಂಗ ಬರುವ ಮೊದಲೇ ಅದನ್ನು ತೆಗೆಯಬೇಕು, ಒಳಗೆ ಹೋದ ಮೇಲೆ ಅಲ್ಲ.

ಏನು ಬದಲಾಯಿತು

ವೈಪರ್ ಬ್ಲೇಡು ಎರಡೂ ಹೊಸದು ಹಾಕಿಸಿದೆವು. ಎಡ–ಬಲದ ಉದ್ದ ಬೇರೆ ಬೇರೆ ಇರುತ್ತದೆ, ಅಳತೆ ನೋಡಿ ತರಬೇಕು. ನೀರಿನ ಡಬ್ಬ ತುಂಬಿತು. ಪ್ರಸಾದ ಈಗ ಆಯಿಯ ಚೀಲದಲ್ಲಿ ಕೂರುತ್ತದೆ.

ಕನ್ನಡಿ ಇಡುವ ಕ್ರಮವನ್ನು ಅವಳಿಗೆ ಮತ್ತೆ ಮೊದಲಿನಿಂದ ಹೇಳಿಕೊಟ್ಟೆ. ಮೊದಲು ಸೀಟು, ಆಮೇಲೆ ಒಳಗಿನ ಕನ್ನಡಿ, ಆಮೇಲೆ ಹೊರಗಿನವು. ಸೀಟು ಅಲುಗಿಸಿದರೆ ಮೂರನ್ನೂ ಮತ್ತೆ ನೋಡಬೇಕು. ಹೊರಗಿನ ಕನ್ನಡಿಯನ್ನು ಎಷ್ಟು ಅಗಲಕ್ಕೆ ತೆರೆಯಬೇಕು ಅನ್ನುವುದರಲ್ಲಿ ಎರಡು ಮಾತಿದೆ. 1995ರಲ್ಲಿ ಜಾರ್ಜ್ ಪ್ಲಾಟ್ಜರ್ ಎಂಬ ಅಮೆರಿಕದ ಎಂಜಿನಿಯರ್ ಒಂದು ಕ್ರಮ ಹೇಳಿದರು. ನಮ್ಮ ಬಲಗೈ ಡ್ರೈವಿಂಗಿಗೆ ಹೊಂದಿಸಿ ಹೇಳುವುದಾದರೆ, ತಲೆಯನ್ನು ಬಲ ಕಿಟಕಿಗೆ ತಾಗಿಸಿ ಕೂತು, ನಮ್ಮ ಕಾರಿನ ಮೈ ಅಂಚು ಮಾತ್ರ ಕಾಣುವಷ್ಟು ಬಲ ಕನ್ನಡಿಯನ್ನು ಹೊರಗೆ ತಿರುಗಿಸುವುದು. ಎಡಕ್ಕಾದರೆ ತಲೆಯನ್ನು ಕಾರಿನ ನಡುಭಾಗಕ್ಕೆ ತಂದು ಹಾಗೇ ಮಾಡುವುದು. ನಾಲ್ಕು ಪಥದ ಹೆದ್ದಾರಿ 66ಕ್ಕೆ ಇದು ಬಹಳ ಒಳ್ಳೆಯದು, ಪಕ್ಕದ ಸಾಲಿನ ಗಾಡಿ ತಪ್ಪಿಹೋಗುವುದಿಲ್ಲ. ಆದರೆ ಘಟ್ಟದಲ್ಲಿ ಮತ್ತು ಶಿರಸಿ ಪೇಟೆಯಲ್ಲಿ, ಎಡ ಕನ್ನಡಿಯಲ್ಲಿ ಉಗುರಿನಗಲ ನಮ್ಮ ಕಾರಿನ ಮೈ ಕಾಣಿಸುವ ಹಾಗೆ ಇಡಿ ಅನ್ನುತ್ತೇನೆ ನಾನು. ಚರಂಡಿ ಎಷ್ಟು ದೂರ, ನುಗ್ಗುವ ಬೈಕು ಎಷ್ಟು ಹತ್ತಿರ ಅಂತ ಅಳೆಯಲು ಆ ಉಗುರಿನಗಲ ಬೇಕು. ಎಡಕ್ಕೆ ಎಳೆಯುವ ಮೊದಲು ಕತ್ತು ತಿರುಗಿಸಿ ಒಮ್ಮೆ ನೋಡುವುದು ಹೇಗೂ ಇದ್ದೇ ಇದೆ.

ನವೆಂಬರ್ ಮಧ್ಯದಲ್ಲಿ, ಬೇಕೆಂದೇ ಅದೇ ಹೊತ್ತಿಗೆ, ಅದೇ ದಾರಿಯಲ್ಲಿ ಇಳಿದೆವು. ಮಳೆ ಇರಲಿಲ್ಲ, ಹಾಗಾಗಿ ಪೂರ್ತಿ ಅದೇ ಪರೀಕ್ಷೆ ಅನ್ನಲಾರೆ. ಈ ಸಲ ಪಕ್ಕದಲ್ಲಿ ನಾನು ಕೂತೆ, ಆಯಿ ಹಿಂದೆ. ಆ ತಿರುವು ಬರುವ ಮೊದಲೇ, ಇನ್ನೂ ನೆರಳಿನಲ್ಲಿದ್ದಾಗಲೇ, ತಂಗಿ ವೈಸರ್ ಇಳಿಸಿದಳು. ಸೂರ್ಯನನ್ನು ಮಾತ್ರ ಮುಚ್ಚುವಷ್ಟು, ರಸ್ತೆಯನ್ನಲ್ಲ. ಒಮ್ಮೆ ನೀರು ಚಿಮ್ಮಿಸಿ ವೈಪರ್ ಹಾಕಿದಳು. ಎಡ ಕನ್ನಡಿ ನೋಡಿ ವೇಗವನ್ನು 20ಕ್ಕೆ ಇಳಿಸಿದಳು. ಬಯಲಿಗೆ ಬಂದಾಗ ಬಿಸಿಲು ಹೊಡೆಯಿತು, ಗೀರುಗಳೂ ಹೊಳೆದವು. ಆದರೆ ರಸ್ತೆಯ ಎರಡೂ ಅಂಚು ಇತ್ತು.

"ಕಾಣ್ತಾ?" ಅಂದೆ.

"ಕಾಣ್ತು."

ಗೀರು ಮಾತ್ರ ಏನು ಮಾಡಿದರೂ ಹೋಗುವಂಥದ್ದಲ್ಲ. ಮಳೆಗಾಲಕ್ಕೆ ಮೊದಲೇ ಮುಂದಿನ ಗಾಜು ಬದಲಿಸುವುದು ಸರಿ ಅಂತ ನಾನು, ಇನ್ನೊಂದು ವರ್ಷ ನೋಡುವ ಅಂತ ಅವಳು. ಅದು ತೀರ್ಮಾನ ಆಗುವವರೆಗೆ, ಶಿರಸಿಯಲ್ಲಿ ಊಟ ಮುಗಿಸಿ ಮಧ್ಯಾಹ್ನ ಎರಡೂವರೆಗೇ ಹೊರಡುತ್ತಿದ್ದೇವೆ.